ಒಡಂಬಡಿಕೆಯೂ ಸೆರೆಯೂ

ನಮ್ಮ ಕಾವ್ಯಗಳಲ್ಲಿ ವನವಾಸವು ಮಾತನ್ನು ನಡೆಸಿದವರ ಪಾಲಿಗೆ ಬರುವುದು. ಶ್ರೀರಾಮನು ತಂದೆಯ ಮಾತನ್ನು ಮೀರದೆ ಕಾಡಿಗೆ ನಡೆದನು. ಪಾಂಡವರು ಪಣದ ಮಾತಿಗೆ ಕಟ್ಟುಬಿದ್ದು ಹೊರಟರು. ಯೆಹೂದ್ಯರ ಧರ್ಮಗ್ರಂಥದಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಅಲ್ಲಿ ನಾಡನ್ನು ಕಳೆದುಕೊಂಡವರು ಮಾತನ್ನು ಮುರಿದವರು.

ಅದು ಯಾವ ಮಾತು? ಬಾಸೆಲ್ ಮಿಷನ್ನಿನವರು ನೆಲೆಯೂರಿದ ಧಾರವಾಡ (1837), ಹುಬ್ಬಳ್ಳಿ (1839)ಗಳ ಶಾಲೆಗಳಲ್ಲಿ ಓದಿದವರಿಗೆ ಹಳೇ ಒಡಂಬಡಿಕೆಯೆಂಬ ಹೆಸರು ಅಪರಿಚಿತವಲ್ಲ. ಆ ಹೆಸರಿನ ಅರ್ಥವನ್ನು ವಿಚಾರಿಸಿದವರು ಮಾತ್ರ ಕಡಮೆಯೆಂದು ತೋರುತ್ತದೆ. ಒಡಂಬಡುವುದಕ್ಕೆ ಇಬ್ಬರು ಬೇಕು. ಐಗುಪ್ತದ ದಾಸ್ಯದಿಂದ ಬಿಡಿಸಿದ ದೇವರು ವಿಧಿಗಳನ್ನು ಕೊಟ್ಟನು; ಜನರು ಒಪ್ಪಿದರು. ನಡೆದರೆ ನಾಡು ನಿಮ್ಮದು, ತಪ್ಪಿದರೆ ಚದರಿಹೋಗುವಿರಿ ಎಂಬುದು ಧರ್ಮೋಪದೇಶಕಾಂಡದ ಎಚ್ಚರಿಕೆಯ ತಾತ್ಪರ್ಯ. ಇದನ್ನು ನಮ್ಮ ಕರ್ಮಸಿದ್ಧಾಂತವೆಂದೇ ಭಾವಿಸಲಾಗದು. ಕರ್ಮವು ತಾನಾಗಿ ಫಲಿಸುವುದು. ಇಲ್ಲಿಯಾದರೋ ನೊಂದವನೊಬ್ಬನಿರುವನು, ಆದುದರಿಂದ ಕ್ಷಮಿಸಬಲ್ಲವನೂ ಇರುವನು.

ಕ್ರಿ. ಪೂ. 722ರ ಸುಮಾರಿಗೆ ಉತ್ತರದ ಸಮಾರ್ಯವು ಅಶ್ಶೂರರ ವಶವಾಯಿತು. 27,290 ಮಂದಿಯನ್ನು ಸೆರೆಯೊಯ್ದೆನೆಂದು ಸಾರ್ಗೋನ್ ದೊರೆಯ ಶಾಸನ ಹೇಳುತ್ತದೆ. 597ರಲ್ಲಿ ಬಾಬೆಲಿನ ನೆಬೂಕದ್ನೆಚ್ಚರನು ಯೆಹೂದದ ಅರಸನಾದ ಯೆಹೋಯಾಖೀನನನ್ನು ಒಯ್ದನು. ಈ ಸೆರೆಯಾಳು ದೊರೆಗೆ ಅಳೆದುಕೊಟ್ಟ ಎಣ್ಣೆಯ ಲೆಕ್ಕವೂ ಬಾಬೆಲಿನ ಜೇಡಿಮಣ್ಣಿನ ಫಲಕಗಳಲ್ಲಿ ದೊರೆತಿದೆ. 586ರ ಸುಮಾರಿಗೆ ಜೆರೂಸಲೇಮಿನ ದೇವಾಲಯವೇ ಸುಟ್ಟುಹೋಯಿತು. ಮೂರು ಸಲವಾಗಿ ಒಯ್ದವರ ಸಂಖ್ಯೆಯನ್ನು ಯೆರೆಮೀಯನ ಗ್ರಂಥವು 4,600 ಎಂದು ಕೊಡುತ್ತದೆ. ಬಡವರಲ್ಲಿ ಕೆಲವರು ದ್ರಾಕ್ಷಿತೋಟ ನೋಡಿಕೊಳ್ಳಲು ಅಲ್ಲಿಯೇ ಉಳಿದರು.

ಗುಡಿ ಬಿದ್ದರೆ ದೇವರೇ ಸೋತನೆಂದು ಆ ಕಾಲದವರು ತಿಳಿಯುವುದು ಸಹಜವಾಗಿತ್ತು. ಪ್ರವಾದಿಗಳು ಹಾಗೆನ್ನಲಿಲ್ಲ. ಶತ್ರುವನ್ನು ಕರೆಸಿದವನು ನಮ್ಮ ದೇವರೇ, ತಪ್ಪು ನಮ್ಮದು ಎಂದರು. ಗುಡಿಯಿಲ್ಲದೆಯೂ ಆ ಧರ್ಮ ಉಳಿದುದು ಈ ಕಠಿಣವಾದ ಮಾತಿನಿಂದಲೇ ಎಂದು ನನ್ನ ಅಭಿಪ್ರಾಯ.

ಆದರೆ ಇಲ್ಲೊಂದು ತೊಡಕುಂಟು. ಅರಸುಗಳ ಚರಿತ್ರೆಯು ಯೆಹೂದದ ನಾಶಕ್ಕೆ ಮನಸ್ಸೆಯೆಂಬ ದೊರೆಯ ಪಾಪವನ್ನು ಕಾರಣವೆನ್ನುತ್ತದೆ. ಅವನ ಮೊಮ್ಮಗನಾದ ಯೋಷೀಯನು ವಿಗ್ರಹಗಳನ್ನು ಕೆಡವಿ ಧರ್ಮವನ್ನು ಸರಿಪಡಿಸಿದನು. ಅಂಥವನು 609ರಲ್ಲಿ ಮೆಗಿದ್ದೋವಿನಲ್ಲಿ ಹತನಾದನು. ಅಜ್ಜನ ಸಾಲವನ್ನು ಮರಿಮಕ್ಕಳು ತೀರಿಸಬೇಕೆ? ಸೆರೆಯಲ್ಲಿದ್ದವರು ಇದನ್ನು ಗಾದೆಯಾಗಿಯೇ ಆಡಿಕೊಳ್ಳುತ್ತಿದ್ದರು. ಅವರೊಡನೆಯೇ ಇದ್ದ ಯೆಹೆಜ್ಕೇಲನು ಆ ಗಾದೆಯನ್ನು ಒಪ್ಪಲಿಲ್ಲ: ಪ್ರತಿಯೊಬ್ಬನಿಗೂ ಅವನವನ ನಡತೆಯೇ ಲೆಕ್ಕ, ತಿರುಗಿಕೊಂಡವನು ಬದುಕುವನು ಎಂದನು. ಎರಡು ಉತ್ತರಗಳೂ ಒಂದೇ ಗ್ರಂಥದಲ್ಲಿವೆ. ಸಂಕಲನಕಾರರು ಯಾವುದನ್ನೂ ಅಳಿಸಲಿಲ್ಲ.

ಜೆರೂಸಲೇಮಿನಲ್ಲಿದ್ದ ಯೆರೆಮೀಯನು ಸೆರೆಯವರಿಗೆ ಬರೆದ ಪತ್ರ ಇನ್ನೂ ವಿಶೇಷವಾದುದು. ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳ ಮದುವೆ ಮಾಡಿರಿ, ನಿಮ್ಮನ್ನು ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೂ ಬೇಡಿಕೊಳ್ಳಿರಿ ಎಂದು ಅದರ ಸಾರಾಂಶ. ದಂಡನೆಯ ನೆಲದಲ್ಲಿಯೇ ಬಾಳುವೆ ನಡೆಸಬೇಕಾಯಿತು. 539ರಲ್ಲಿ ಪಾರಸಿಕರ ಕೋರೆಷನು ಬಾಬೆಲನ್ನು ಗೆದ್ದ ಬಳಿಕ ಮರಳಲು ಅಪ್ಪಣೆಯಾಯಿತು, ಎಲ್ಲರೂ ಮರಳಲಿಲ್ಲ. ಸುಮಾರು ಸಾವಿರ ವರ್ಷಗಳ ತರುವಾಯ ಯೆಹೂದ್ಯರ ತಾಲ್ಮೂದ್ ಎಂಬ ಮಹಾಗ್ರಂಥವು ರೂಪುಗೊಂಡುದು ಆ ಸೆರೆಯ ನಾಡಿನಲ್ಲಿಯೇ.