ವೇರ್‌ವುಲ್ಫ್ ಒಳಗೊಬ್ಬ 'ವೀರ'

ಹುಣ್ಣಿಮೆ ರಾತ್ರಿ, ಮೈತುಂಬ ರೋಮ, ಚೂಪಾದ ಕೋರೆಹಲ್ಲು. ವೇರ್‌ವುಲ್ಫ್ ಅಂದ ಕೂಡಲೇ ನಮಗೆ ನೆನಪಾಗೋದು ಹಾಲಿವುಡ್ ಸಿನಿಮಾ ಅಲ್ವಾ? 'ವುಲ್ಫ್' ಅಂದ್ರೆ ತೋಳ, ಸರಿ. ಮುಂದಿರುವ 'ವೇರ್' ಏನು? ನಾನು ದಿನಾ ಅನ್ನ ತಿನ್ನೋ ಸಾಫ್ಟ್‌ವೇರ್‌ನ 'ವೇರ್' ಅಂತೂ ಅಲ್ಲ. ಅದರ ಅರ್ಥ ಸರಕು.

ಹಳೆಯ ಇಂಗ್ಲಿಷಿನಲ್ಲಿ 'ವೆರ್' ಎಂದರೆ ಗಂಡಸು. ಹಾಗಾಗಿ ವೇರ್‌ವುಲ್ಫ್ ಅಂದರೆ ತೋಳಮಾನವ, ಅಷ್ಟೇ. ಮಜಾ ಇರೋದು ಮುಂದೆ. ಈ 'ವೆರ್', ಲ್ಯಾಟಿನ್ನಿನ 'ವಿರ್', ಸಂಸ್ಕೃತದ 'ವೀರ' ಮೂರೂ ಒಂದೇ ಬೇರಿನವು. 'ವುಲ್ಫ್' ಪದಕ್ಕೂ ಸಂಸ್ಕೃತದಲ್ಲಿ ನೆಂಟನಿದ್ದಾನೆ: 'ವೃಕ'. ಭೀಮನನ್ನು ವೃಕೋದರ ಅಂತೀವಲ್ಲ, ತೋಳದ ಹೊಟ್ಟೆಯವನು, ಅದೇ ವೃಕ. ನಮ್ಮ 'ತೋಳ' ಮಾತ್ರ ಈ ಮನೆತನದ್ದಲ್ಲ, ಅಪ್ಪಟ ದ್ರಾವಿಡ ಪದ.

ಕೋಡಿಂಗ್ ಕಲಿಯುವಾಗ ಮೊದಲು ಬರೆಯುವ 'ಹಲೋ ವರ್ಲ್ಡ್'ನಲ್ಲೂ ಈ 'ವೆರ್' ಕೂತಿದೆ. 'ವರ್ಲ್ಡ್' ಎಂಬುದರ ಮೂಲ ಅರ್ಥ ಮನುಷ್ಯನ ಕಾಲ. ಫ್ರೆಂಚರದ್ದು ಇನ್ನೂ ತಮಾಷೆ. ಅವರ 'ಲೂ ಗರೂ'ನಲ್ಲಿ 'ಲೂ' ಅಂದರೆ ತೋಳ. 'ಗರೂ' ಎಂಬುದು ಜರ್ಮನ್ ಕುಲದ ಭಾಷೆಯಿಂದ ಬಂದ ಇದೇ 'ತೋಳಮಾನವ'. ಒಟ್ಟಿಗೆ ಹೇಳಿದರೆ 'ತೋಳ ತೋಳಮಾನವ', ನಾವು ಎಟಿಎಂ ಮಷೀನ್ ಅಂದ ಹಾಗೆ!

ಇಂಗ್ಲಿಷಿನಲ್ಲಿ ಈ ಪದ ಮೊದಲು ಸಿಗೋದು ಭೂತದ ಕಥೆಯಲ್ಲಲ್ಲ, ಕಾನೂನಿನಲ್ಲಿ. 11ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡ್ ಆಳಿದ ದೊರೆ ಕ್ನೂಟ್‌ನ ಶಾಸನ ಪಾದ್ರಿಗಳನ್ನು ಕುರುಬರಿಗೆ, ಜನರನ್ನು ಕುರಿಮಂದೆಗೆ ಹೋಲಿಸುತ್ತದೆ. ಮಂದೆಯ ಮೇಲೆ ಬೀಳುವ ವೇರ್‌ವುಲ್ಫ್ ಅಲ್ಲಿ ಸೈತಾನ. ಅದು ಬರೀ ಹೋಲಿಕೆ. ಯಾರ ಮೈಮೇಲೂ ರೋಮ ಬೆಳೆದಿರಲಿಲ್ಲ.

ಆದರೆ ಹೋಲಿಕೆಯನ್ನೇ ನಿಜ ಅಂದುಕೊಂಡರೆ? 1589ರಲ್ಲಿ ಜರ್ಮನಿಯ ಕಲೋನ್ ಬಳಿಯ ಬೆಡ್‌ಬುರ್ಗ್‌ನಲ್ಲಿ ಪೀಟರ್ ಸ್ಟುಂಪ್ ಎಂಬ ರೈತ ಚಿತ್ರಹಿಂಸೆಗೆ ಹೆದರಿ, ಸೈತಾನ ಕೊಟ್ಟ ಬೆಲ್ಟ್ ಕಟ್ಟಿಕೊಂಡು ತೋಳವಾಗಿ ಜನರನ್ನು ಕೊಂದೆ ಅಂತ ಒಪ್ಪಿಕೊಂಡ. ಅವನನ್ನು ಘೋರವಾಗಿ ಕೊಂದರು. ಅವನ ಮಗಳನ್ನೂ ಬಿಡಲಿಲ್ಲ.

ಇದಕ್ಕೂ ಸುಮಾರು 1400 ವರ್ಷ ಮೊದಲೇ, 2ನೇ ಶತಮಾನದಲ್ಲಿ, ಸೀಡೆ ಊರಿನ ಮಾರ್ಸೆಲಸ್ ಎಂಬ ವೈದ್ಯ, ರಾತ್ರಿ ಹೊತ್ತು ತೋಳದಂತೆ ಸಮಾಧಿಗಳ ಸುತ್ತ ಅಲೆಯುವವರ ಬಗ್ಗೆ ಗ್ರೀಕ್‌ನಲ್ಲಿ ಬರೆದಿದ್ದ. ಅವನ ಪ್ರಕಾರ ಅದು ಮನಸ್ಸಿನ ಕಾಯಿಲೆ. ಶಿಕ್ಷೆ ಅಲ್ಲ, ಸ್ನಾನ, ಪಥ್ಯ, ಆರೈಕೆ ಬೇಕು. ಅವರ ಪದ 'ಲೈಕಾಂತ್ರೊಪಿ'. 'ಲೈಕೋಸ್' ತೋಳ, 'ಆಂತ್ರೊಪೋಸ್' ಮನುಷ್ಯ.

ಎರಡೂ ಪದಗಳಲ್ಲಿ ಅರ್ಧ ತೋಳ, ಅರ್ಧ ಮನುಷ್ಯ. ಒಬ್ಬ ವೈದ್ಯನ ಕಣ್ಣಿಗೆ ಮನುಷ್ಯ ಕಂಡ. ಬೆಡ್‌ಬುರ್ಗ್‌ನ ನ್ಯಾಯಾಧೀಶರಿಗೆ ಬರೀ ತೋಳ ಕಂಡಿತು. ಸಿಟ್ಟಿನಲ್ಲಿ ಯಾರನ್ನಾದರೂ 'ಮೃಗ' ಅನ್ನೋ ಮುಂಚೆ ಆ ಇನ್ನರ್ಧವನ್ನೂ ಒಮ್ಮೆ ಓದಿಕೊಳ್ಳೋಣ.