ರಾಗಿ ರಾಶಿಯ ಮೇಲೆ ಗಲೀಜು ಮಾಡುವ ಬೆಕ್ಕು: ಕಾರಣವೇನು, ಪರಿಹಾರವೇನು?



ದನ, ಎಮ್ಮೆ, ಕುರಿ, ಕೋಳಿಗಳ ಪಾಲನೆಯ ವಿಚಾರವಾಗಿ ಹಲವು ಲೇಖನಗಳನ್ನು ನೀವು ಓದಿರುತ್ತೀರಿ. ಬೆಕ್ಕಿನ ವಿಚಾರವಾಗಿ ಬರೆಯುವವರು ಕಡಿಮೆ. ಬೆಕ್ಕು ಹಾಲು ಕೊಡುವುದಿಲ್ಲ, ನೇಗಿಲು ಎಳೆಯುವುದಿಲ್ಲ, ಸಂತೆಯಲ್ಲಿ ಬೆಲೆ ಬಾಳುವುದಿಲ್ಲ. ಆದರೂ ದವಸ ತುಂಬಿದ ಮನೆಯಲ್ಲಿ ಒಂದು ಬೆಕ್ಕು ಇದ್ದರೆ ಎಲ್ಲರಿಗೂ ಸಮಾಧಾನ. ಅದರ ಮೇಲೆ ಮನೆಯ ಹೆಂಗಸರು ಹೇಳುವ ದೂರು ಮಾತ್ರ ಎಲ್ಲ ಊರುಗಳಲ್ಲಿಯೂ ಒಂದೇ: ಅದು ಹೊರಗೆ ಹೋಗದೆ ಮನೆಯೊಳಗೇ ಗಲೀಜು ಮಾಡುತ್ತದೆ. ಈ ದೂರಿಗೆ ನಾನೇ ಒಮ್ಮೆ ತಪ್ಪು ಸಲಹೆ ಕೊಟ್ಟು ಒಂದು ಮನೆಗೆ ನಷ್ಟ ಉಂಟುಮಾಡಿದ್ದೇನೆ. ಇತರರಿಗೆ ಹಾಗಾಗಬಾರದೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾನು ಕೊಟ್ಟ ತಪ್ಪು ಸಲಹೆ

ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿ. ಸುಗ್ಗಿ ಮುಗಿದು ಕಣದಿಂದ ರಾಗಿ ಮನೆಗೆ ಬಂದಿತ್ತು. ಚೀಲಕ್ಕೆ ತುಂಬುವುದಕ್ಕೆ ಮುಂಚೆ ಹಜಾರದಲ್ಲಿ ರಾಶಿ ಹಾಕಿದ್ದರು. ನಾನು ಬೀಜದ ವಿಚಾರ ಮಾತನಾಡಲು ಹೋದಾಗ ಆ ಮನೆಯ ಅಜ್ಜಿ, "ಸ್ವಾಮಿ, ಈ ಹಾಳು ಕೊತ್ತಿ ಮೂರು ದಿವ್ಸದಿಂದ ರಾಗಿ ಮೇಲೇ ಉಚ್ಚೆ ಉಯ್ತಾ ಅದೆ. ಹೊಡೆದ್ರೂ ಬುದ್ಧಿ ಬರಾಕಿಲ್ಲ. ಎಲ್ಲಾರ ದೂರ ಬುಟ್ಬುಡ್ಲಾ?" ಎಂದು ಕೇಳಿದರು.

ನಾನು ಹೆಚ್ಚು ಯೋಚನೆ ಮಾಡದೆ, "ಬಿಟ್ಟುಬಿಡಿ ಅಜ್ಜಿ, ತಿನ್ನುವ ಅನ್ನಕ್ಕಿಂತ ಅದು ಹೆಚ್ಚಲ್ಲ" ಎಂದುಬಿಟ್ಟೆ. ಮಾರನೆಯ ದಿನವೇ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ದೂರದ ತೋಪಿನಲ್ಲಿ ಬಿಟ್ಟು ಬಂದರು.

ಯುಗಾದಿ ಕಳೆದ ಮೇಲೆ ನಾನು ಮತ್ತೆ ಆ ಮನೆಗೆ ಹೋದೆ. ಅಜ್ಜಿ ಮಾತನಾಡದೆ ನನ್ನನ್ನು ಕೋಣೆಗೆ ಕರೆದುಕೊಂಡು ಹೋಗಿ ಚೀಲಗಳನ್ನು ತೋರಿಸಿದರು. ಕೆಳಗಿನ ಸಾಲಿನ ಚೀಲಗಳ ಮೂಲೆಗಳನ್ನೆಲ್ಲ ಇಲಿ ಕಡಿದಿತ್ತು. ನೆಲದ ಮೇಲೆ ಚೆಲ್ಲಿದ ರಾಗಿ, ಅದರ ತುಂಬ ಇಲಿಯ ಹಿಕ್ಕೆ. ಬಿತ್ತನೆಗೆಂದು ಬೇರೆ ಇಟ್ಟಿದ್ದ ಚೀಲವೂ ಉಳಿದಿರಲಿಲ್ಲ. ಬೆಕ್ಕು ಕೆಡಿಸಿದ್ದು ನಾಲ್ಕೈದು ಸೇರು ರಾಗಿ ಇದ್ದೀತು. ಇಲಿಗಳು ಕೆಡಿಸಿದ್ದನ್ನು ಅಳೆಯುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ.

ಒಂದು ದೊಡ್ಡ ಇಲಿ ದಿನಕ್ಕೆ ಸುಮಾರು 25 ಗ್ರಾಂ ಕಾಳು ತಿನ್ನುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ 9 ಕಿಲೋ ಆಯಿತು. ತಿನ್ನುವುದಕ್ಕಿಂತ ಕಡಿದು, ಚೆಲ್ಲಿ, ಹೊಲಸು ಮಾಡಿ ಕೆಡಿಸುವುದೇ ಹೆಚ್ಚು. ಇಲಿ ಗಬ್ಬವಾದ ಮೂರು ವಾರಕ್ಕೆ ಮರಿ ಹಾಕುತ್ತದೆ. ಒಂದು ಸೂಲಿಗೆ ಆರೇಳು ಮರಿಗಳು ಸಾಮಾನ್ಯ. ಅಲ್ಲದೆ ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಬೆಕ್ಕೊಂದೇ ಇಲಿಗಳನ್ನೆಲ್ಲ ಮುಗಿಸುವುದಿಲ್ಲವೆಂಬುದು ನಿಜ. ದೊಡ್ಡ ಹೆಗ್ಗಣದ ತಂಟೆಗೆ ಅದು ಹೋಗುವುದು ಕಡಿಮೆ. ಆದರೆ ಚಿಕ್ಕಿಲಿ ಮತ್ತು ಇಲಿಮರಿಗಳು ಮನೆಯಲ್ಲಿ ನೆಲೆಯೂರದಂತೆ ಅದು ಕಾಯುತ್ತದೆ. ಆದುದರಿಂದ ಬೆಕ್ಕನ್ನು ಓಡಿಸುವುದಕ್ಕೆ ಮುಂಚೆ ಅದು ಹೀಗೇಕೆ ಮಾಡುತ್ತದೆಂಬುದನ್ನು ತಿಳಿಯತಕ್ಕದ್ದು.

ಬೆಕ್ಕಿನ ಸ್ವಭಾವ

ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣಸೀಮೆಗಳಲ್ಲಿರುವ ಒಂದು ಜಾತಿಯ ಕಾಡುಬೆಕ್ಕೇ ನಮ್ಮ ಮನೆಬೆಕ್ಕಿನ ಮೂಲ. ಮನುಷ್ಯ ಬೇಸಾಯ ಕಲಿತು ದವಸ ಕೂಡಿಡಲು ತೊಡಗಿದಾಗ ಇಲಿಗಳು ಬಂದವು, ಇಲಿಗಳ ಹಿಂದೆ ಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಬೆಕ್ಕನ್ನೂ ಹೂಳಿದ್ದುದು ಕಂಡುಬಂದಿದೆ. ಈ ಸಂಗತಿ 2004 ರಲ್ಲಿ ಪ್ರಕಟವಾಯಿತು. ಎಂದರೆ ಬೆಕ್ಕಿಗೂ ರೈತನಿಗೂ ಇರುವ ನಂಟು ಇಂದಿನದಲ್ಲ.

ಒಣಸೀಮೆಯಿಂದ ಬಂದ ಪ್ರಾಣಿಯಾದುದರಿಂದ ಬೆಕ್ಕಿಗೆ ಎರಡು ಗುಣಗಳಿವೆ. ಮೊದಲನೆಯದಾಗಿ, ಅದು ಕಡಿಮೆ ನೀರು ಕುಡಿಯುತ್ತದೆ. ಅದರ ಮೂತ್ರ ಗಟ್ಟಿ, ವಾಸನೆ ಬಲು ಘಾಟು. ಎರಡನೆಯದಾಗಿ, ಸಡಿಲವಾದ ಒಣ ಮಣ್ಣನ್ನು ಕೆರೆದು, ಗುಂಡಿ ಮಾಡಿ, ಅದರಲ್ಲಿ ವಿಸರ್ಜಿಸಿ ಮೇಲೆ ಮಣ್ಣು ಮುಚ್ಚುವುದು ಅದರ ಹುಟ್ಟುಗುಣ. ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಈಗ ಬೆಕ್ಕಿನ ಕಾಲಿನಿಂದ ಯೋಚಿಸಿ ನೋಡಿ. ರಾಗಿ ರಾಶಿ ಅದಕ್ಕೆ ಹೇಗೆ ಕಾಣುತ್ತದೆ? ಒಣಗಿದ ಸಣ್ಣ ಮರಳಿನಂತೆಯೇ ಕಾಣುತ್ತದೆ! ಒಲೆಯ ಬೂದಿ, ಭತ್ತದ ಹೊಟ್ಟು, ತೌಡು, ಮನೆ ಕಟ್ಟಲು ತಂದ ಮರಳು, ಇವೆಲ್ಲವೂ ಅದಕ್ಕೆ ಒಂದೇ. ಬೆಕ್ಕು ಹಟದಿಂದಾಗಲಿ ಹಗೆಯಿಂದಾಗಲಿ ಹೀಗೆ ಮಾಡುವುದಿಲ್ಲ. ತನಗೆ ಬೇಕಾದ ಒಣ ನೆಲ ಹೊರಗೆ ಸಿಕ್ಕದೆ ಹೋದಾಗ ಒಳಗೆ ಹುಡುಕಿಕೊಳ್ಳುತ್ತದೆ.

ಹೊರಗೆ ಏಕೆ ಸಿಕ್ಕುವುದಿಲ್ಲ?

ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ನಾಲಾ ಬಯಲಿನಲ್ಲಿಯೂ ಕೆ.ಆರ್.ಪೇಟೆಯ ಹೇಮಾವತಿ ನಾಲೆಯ ಕೆಳಗಿನ ಊರುಗಳಲ್ಲಿಯೂ ಮಳೆಗಾಲದಲ್ಲಿ ನಾಟಿ ಕೆಲಸ ನಡೆಯುವಾಗ ಹಿತ್ತಲಿನವರೆಗೆ ತೇವ ಏರಿರುತ್ತದೆ. ಕೆಸರಿನಲ್ಲಿ ಬೆಕ್ಕು ಕಾಲಿಡುವುದಿಲ್ಲ. ಆ ದಿನಗಳಲ್ಲಿ ಮನೆಯೊಳಗಿನ ಬೂದಿಗುಡ್ಡೆಯೇ ಅದಕ್ಕೆ ಗತಿ.

ನಾಗಮಂಗಲದಂಥ ಖುಷ್ಕಿ ಸೀಮೆಯಲ್ಲಿ ಕೆಸರಿನ ತೊಂದರೆ ಕಡಿಮೆ. ಆದರೆ ಈಗ ಹಲವರು ಅಂಗಳಕ್ಕೂ ಹಿತ್ತಲಿಗೂ ಸಿಮೆಂಟು ಹಾಕಿಸುತ್ತಿದ್ದಾರೆ. ಅಜ್ಜಿಯ ಮನೆಯಲ್ಲಿ ಆಗಿದ್ದುದೂ ಇದೇ. ಆ ವರ್ಷ ದೀಪಾವಳಿಗೆ ಮುಂಚೆ ಹಿತ್ತಲಿಗೆಲ್ಲ ಸಿಮೆಂಟು ಬಿದ್ದಿತ್ತು. ಬೆಕ್ಕಿಗೆ ಕೆರೆಯಲು ಒಂದು ಹಿಡಿ ಮಣ್ಣು ಉಳಿದಿರಲಿಲ್ಲ. ಇದನ್ನು ನಾನು ಕಣ್ಣಿನಿಂದ ನೋಡಿಯೂ ಗಮನಿಸಲಿಲ್ಲ.

ಇದಲ್ಲದೆ ಹೊಸದಾಗಿ ನಾಯಿ ತಂದು ಹಿತ್ತಲಿನಲ್ಲಿ ಕಟ್ಟಿದಾಗ, ಬೇರೆ ಬೆಕ್ಕು ಬಂದು ಕಾದಾಡಿದಾಗ, ರಾತ್ರಿ ಬಾಗಿಲು ಮುಚ್ಚಿ ಬೆಕ್ಕನ್ನು ಒಳಗೇ ಉಳಿಸಿದಾಗ ಸಹ ಈ ತೊಂದರೆ ಉಂಟಾಗುತ್ತದೆ.

ಪರಿಹಾರ: ಮಣ್ಣಿನ ಬಾಂಡ್ಲಿ

ಇದಕ್ಕೆ ಬೇಕಾದುದು ಹೆಚ್ಚು ಖರ್ಚಿನ ಕೆಲಸವಲ್ಲ.

1. ತೂತುಬಿದ್ದ ಹಳೆಯ ಬಾಂಡ್ಲಿಯನ್ನಾಗಲಿ, ಅಗಲವಾದ ತಗಡಿನ ಅಥವಾ ಪ್ಲಾಸ್ಟಿಕ್ ತಟ್ಟೆಯನ್ನಾಗಲಿ ತೆಗೆದುಕೊಳ್ಳಿ. ಬೆಕ್ಕು ಒಳಗೆ ನಿಂತು ಸುತ್ತ ತಿರುಗುವಷ್ಟು ಅಗಲವಿರಬೇಕು. ಮರಿಗಳಿದ್ದರೆ ಅಂಚು ನಾಲ್ಕು ಅಂಗುಲಕ್ಕಿಂತ ಎತ್ತರ ಬೇಡ.

2. ಜರಡಿ ಹಿಡಿದ ಒಣ ಮಣ್ಣು ಅಥವಾ ಮರಳನ್ನು ಎರಡು ಮೂರು ಅಂಗುಲ ತುಂಬಿ. ಈಗಾಗಲೆ ಬೂದಿಯ ಅಭ್ಯಾಸವಿರುವ ಬೆಕ್ಕಿಗೆ ಪೂರ್ತಿ ಆರಿದ ಬೂದಿಯನ್ನು ಮಣ್ಣಿನ ಜೊತೆ ಬೆರೆಸಬಹುದು. ಕೆಂಡವಿರುವ ಬೂದಿಯನ್ನು ಎಂದಿಗೂ ಹಾಕಬೇಡಿ.

3. ಜನರ ಓಡಾಟವಿಲ್ಲದ ಒಣ ಮೂಲೆಯಲ್ಲಿ ಇಡಿ. ಕೊಟ್ಟಿಗೆಯ ಮೂಲೆ ಅಥವಾ ಹಿತ್ತಲ ಚಾವಣಿಯ ಕೆಳಗೆ ಆಗಬಹುದು. ಬೆಕ್ಕಿನ ಅನ್ನದ ತಟ್ಟೆಯ ಹತ್ತಿರ ಇಡತಕ್ಕದ್ದಲ್ಲ. ಉಣ್ಣುವ ಜಾಗದಲ್ಲಿ ಬೆಕ್ಕು ಗಲೀಜು ಮಾಡುವುದಿಲ್ಲ.

4. ಮೊದಲ ದಿನ ಬೆಕ್ಕು ಒದ್ದೆ ಮಾಡಿದ ಸ್ವಲ್ಪ ಮಣ್ಣನ್ನೋ ಬೂದಿಯನ್ನೋ ಇದರಲ್ಲಿ ಹಾಕಿ. ವಾಸನೆ ಹಿಡಿದು ಅದು ತಾನೇ ಬರುತ್ತದೆ. ಊಟವಾದ ಮೇಲೆ ಬೆಕ್ಕನ್ನು ಮೆಲ್ಲಗೆ ಎತ್ತಿ ಅದರಲ್ಲಿ ಬಿಡಿ, ಬಲವಂತವಾಗಿ ಒತ್ತಿ ಹಿಡಿಯಬೇಡಿ.

5. ಗಲೀಜನ್ನು ಪ್ರತಿದಿನ ತೆಗೆದು ಆಳವಾಗಿ ಹೂಳಿ. ವಾರಕ್ಕೊಮ್ಮೆ ಮಣ್ಣನ್ನು ಪೂರ್ತಿ ಬದಲಾಯಿಸಿ. ಹೊಲಸಾದ ಬಾಂಡ್ಲಿಗೆ ಬೆಕ್ಕು ಬರುವುದಿಲ್ಲ. ಎರಡು ಬೆಕ್ಕುಗಳಿದ್ದರೆ ಬೇರೆ ಬೇರೆ ಕಡೆ ಎರಡು ಮೂರು ಬಾಂಡ್ಲಿಗಳನ್ನಿಡುವುದು ಒಳ್ಳೆಯದು.

ಇದರ ಜೊತೆಗೆ ರಾಗಿ, ಭತ್ತದ ರಾಶಿಗಳ ಮೇಲೆ ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲು ಇಡಿ. ಬೂದಿಯನ್ನು ಮುಚ್ಚಳವಿರುವ ಡಬ್ಬಕ್ಕೆ ತುಂಬಿ. ಹಿತ್ತಲಿಗೆ ಸಿಮೆಂಟು ಹಾಕಿಸುವವರು ಒಂದು ಮೂಲೆಯಲ್ಲಿ ಒಂದು ಗಜ ಚದರ ಮಣ್ಣು ಬಿಡಿಸಿದರೆ ಬಾಂಡ್ಲಿಯ ಅವಶ್ಯಕತೆಯೇ ಬಾರದೆ ಹೋಗಬಹುದು.

ಕೆಟ್ಟ ಜಾಗವನ್ನು ಶುದ್ಧಿ ಮಾಡುವ ಬಗೆ

ನಮ್ಮ ಮೂಗಿಗೆ ವಾಸನೆ ಹೋದರೂ ಬೆಕ್ಕಿನ ಮೂಗಿಗೆ ಹೋಗಿರುವುದಿಲ್ಲ. ವಾಸನೆ ಇರುವವರೆಗೆ ಅದು ಅಲ್ಲಿಗೇ ಬರುತ್ತದೆ. ಮಣ್ಣಿನ ನೆಲವಾದರೆ ಒದ್ದೆಯಾದ ಮಣ್ಣನ್ನು ಒಂದೆರಡು ಅಂಗುಲ ಕೆತ್ತಿ ತೆಗೆದು, ಹೊಸ ಮಣ್ಣು ಹಾಕಿ ಬಡಿದು ಸಾರಿಸಿ. ಸಿಮೆಂಟು ನೆಲವಾದರೆ ಮೊದಲು ಹಳೆಯ ಬಟ್ಟೆಯಿಂದ ಒರೆಸಿ, ಸೋಪಿನ ನೀರಿನಲ್ಲಿ ತೊಳೆದು, ಅನಂತರ ವಿನಿಗರಿಗೆ ಅಷ್ಟೇ ನೀರು ಬೆರೆಸಿ ಉಜ್ಜಿ. ಒಣಗಿದ ಮೇಲೆ ಅಡುಗೆ ಸೋಡ ಉದುರಿಸಿ ಗುಡಿಸಿ. ಗೋಣಿಚೀಲಗಳನ್ನು ಒಗೆದು ಎರಡು ಮೂರು ದಿನ ಬಿಸಿಲಿಗೆ ಹಾಕಿ.

ಫಿನಾಯಿಲನ್ನು ಉಪಯೋಗಿಸಬೇಡಿ. ಬೆಕ್ಕು ಅದನ್ನು ಮೆಟ್ಟಿ ಕಾಲು ನೆಕ್ಕಿದರೆ ವಿಷವಾಗುತ್ತದೆ. ಮೂತ್ರದ ಮೇಲೆ ಬ್ಲೀಚಿಂಗ್ ಪುಡಿಯನ್ನೂ ಹಾಕಬಾರದು, ಕಣ್ಣು ಗಂಟಲು ಉರಿಯುವ ಕೆಟ್ಟ ಅನಿಲ ಏಳುತ್ತದೆ. ಶುದ್ಧಿ ಮಾಡಿದ ಜಾಗದಲ್ಲಿ ಕೆಲವು ದಿನ ಬೆಕ್ಕಿಗೆ ಅನ್ನ ಹಾಕಿದರೆ ಅದು ಅಲ್ಲಿನ ಅಭ್ಯಾಸವನ್ನು ಬಿಡುತ್ತದೆ.

ಒದ್ದೆಯಾದ ರಾಗಿಯನ್ನು, ಅದರ ಸುತ್ತ ಒಂದು ಗೇಣು ಸೇರಿಸಿ, ತೆಗೆದುಬಿಡಿ. ತೊಳೆದು ಊಟಕ್ಕೆ ಬಳಸುವ ಆಸೆ ಬೇಡ.

ಗಂಡು ಬೆಕ್ಕು ಗೋಡೆಗೆ ಸಿಡಿಸುವುದು

ಇದು ಬೇರೆ ವಿಚಾರ. ಗಂಡು ಬೆಕ್ಕು ನಿಂತುಕೊಂಡೇ, ಬಾಲವನ್ನು ನೆಟ್ಟಗೆತ್ತಿ ನಡುಗಿಸುತ್ತ, ಗೋಡೆಗೆ ಅಥವಾ ಚೀಲಕ್ಕೆ ಹಿಂದಕ್ಕೆ ಸಿಡಿಸುತ್ತದೆ. ಈ ಜಾಗ ತನ್ನದೆಂದು ಬೇರೆ ಬೆಕ್ಕುಗಳಿಗೆ ಗುರುತು ಹಾಕುವ ಬಗೆ ಇದು. ಬೆದೆಗೆ ಬಂದ ಹೆಣ್ಣು ಬೆಕ್ಕೂ ಕೆಲವು ವೇಳೆ ಹೀಗೆ ಮಾಡುತ್ತದೆ. ಇದಕ್ಕೆ ಬಾಂಡ್ಲಿಯಿಂದ ಪ್ರಯೋಜನವಿಲ್ಲ. ಐದಾರು ತಿಂಗಳ ವಯಸ್ಸಿನಲ್ಲಿ ಪಶುವೈದ್ಯರಿಂದ ಬೀಜ ತೆಗೆಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಗಂಡು ಬೆಕ್ಕುಗಳು ಈ ಚಾಳಿಯನ್ನು ಬಿಡುತ್ತವೆ ಅಥವಾ ಕಡಿಮೆ ಮಾಡುತ್ತವೆ. ಬೀಜ ತೆಗೆಸಿದ ಬೆಕ್ಕು ಇಲಿ ಹಿಡಿಯುವುದಿಲ್ಲವೆಂಬ ಮಾತು ಸರಿಯಲ್ಲ.

ರೋಗದ ಗುರುತು

ಇದುವರೆಗೆ ಸರಿಯಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಂಡಕಂಡಲ್ಲಿ ಕೂರಲು ತೊಡಗಿದರೆ ರೋಗವಿರಬಹುದೆಂದು ತಿಳಿಯಿರಿ. ಮತ್ತೆ ಮತ್ತೆ ಕುಳಿತು ತಿಣುಕುವುದು, ತೊಟ್ಟು ತೊಟ್ಟಾಗಿ ಬೀಳುವುದು, ಮೂತ್ರದಲ್ಲಿ ರಕ್ತ, ನೋವಿನಿಂದ ಕೂಗುವುದು, ಹಿಂಭಾಗವನ್ನು ಬಿಡದೆ ನೆಕ್ಕುವುದು, ಇವು ಗುರುತುಗಳು. ಗಂಡು ಬೆಕ್ಕಿನ ಮೂತ್ರನಾಳ ಬಲು ಕಿರಿದು. ಅದು ಕಟ್ಟಿಕೊಂಡರೆ ಎರಡು ಮೂರು ದಿನಗಳಲ್ಲಿ ಪ್ರಾಣ ಹೋಗುತ್ತದೆ. ಇಂಥ ಬೆಕ್ಕನ್ನು ಹಟಮಾರಿಯೆಂದು ಹೊಡೆಯುವುದು ಎಷ್ಟು ಅನ್ಯಾಯವೆಂದು ಯೋಚಿಸಿ. ಒಂದು ದಿನವೂ ಕಾಯದೆ ತಾಲ್ಲೂಕು ಪಶು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಮನುಷ್ಯರ ಜ್ವರದ ಮಾತ್ರೆಯನ್ನು ಕೊಡಬೇಡಿ. ಅರ್ಧ ಪ್ಯಾರಾಸಿಟಮಾಲ್ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು. ಮುದಿ ಬೆಕ್ಕು ಹೆಚ್ಚಾಗಿ ನೀರು ಕುಡಿದು ಹೆಚ್ಚಾಗಿ ಮೂತ್ರ ಮಾಡುತ್ತಿದ್ದರೆ ಅದನ್ನೂ ವೈದ್ಯರಿಗೆ ತೋರಿಸಿ.

ಮನೆಯವರ ಆರೋಗ್ಯ

ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಗರ್ಭಿಣಿಯರ ಹೊಟ್ಟೆಯಲ್ಲಿರುವ ಮಗುವಿಗೆ ಕೇಡು ಮಾಡಬಲ್ಲದು. ಆದುದರಿಂದ ಬಾಂಡ್ಲಿ ತೆಗೆಯುವ ಕೆಲಸವನ್ನು ಗರ್ಭಿಣಿಯರಿಗೆ ಹೇಳಬೇಡಿ, ಗಂಡಸರು ಮಾಡಲಿ. ಈ ಜೀವಿ ರೋಗ ಹತ್ತಿಸುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ಪ್ರತಿದಿನ ತೆಗೆಯಬೇಕೆನ್ನುವುದು ಇದಕ್ಕಾಗಿಯೇ. ತೆಗೆದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಆ ಮಣ್ಣನ್ನು ಸೊಪ್ಪಿನ ಮಡಿಗೆ ಹಾಕಬೇಡಿ.

ಕೊನೆಯ ಮಾತು

ಅಜ್ಜಿಯ ಮನೆಗೆ ಆ ಮುಂಗಾರಿನಲ್ಲಿ ಬೇರೆ ಮರಿಯೊಂದು ಬಂದಿತು. ಈ ಸಲ ನಾನೇ ಒಂದು ಹಳೆಯ ಬಾಂಡ್ಲಿಗೆ ಮಣ್ಣು ತುಂಬಿ ಕೊಟ್ಟಿಗೆಯ ಮೂಲೆಯಲ್ಲಿಟ್ಟು ಬಂದೆ. ಮರಿ ನಾಲ್ಕನೆಯ ದಿನಕ್ಕೆ ಅಭ್ಯಾಸ ಮಾಡಿಕೊಂಡಿತು. ಮುಂದಿನ ಸುಗ್ಗಿಯಲ್ಲಿ ಹಜಾರದ ರಾಗಿ ರಾಶಿಯ ಮೇಲೆ ಟಾರ್ಪಾಲು ಇತ್ತು, ಟಾರ್ಪಾಲಿನ ಮೇಲೆ ಬೆಕ್ಕು ಮಲಗಿತ್ತು. "ಹಳೇ ಕೊತ್ತಿಗೂ ಇಷ್ಟು ಮಣ್ಣು ಮಡಗಿದ್ರೆ ಆಗಿರೋದು ಕಣಪ್ಪ" ಎಂದರು ಅಜ್ಜಿ. ನನ್ನಲ್ಲಿ ಉತ್ತರವಿರಲಿಲ್ಲ.

ನಿಮ್ಮ ಮನೆಯ ಬೆಕ್ಕು ಒಳಗೆ ಗಲೀಜು ಮಾಡಿದರೆ ಕೋಲು ತೆಗೆದುಕೊಳ್ಳುವ ಮುಂಚೆ ಹಿತ್ತಲಿಗೆ ಹೋಗಿ, ಅದಕ್ಕೆ ಕೆರೆಯಲು ಒಣ ಮಣ್ಣು ಇದೆಯೇ ಎಂದು ಒಮ್ಮೆ ನೋಡಿ. ಸಂದೇಹವಿದ್ದವರು ನಾನು ನಿಮ್ಮ ಊರಿಗೆ ಬಂದಾಗ ಕೇಳಬಹುದು.