ಕೌನ್ಸೆಲರ್ ಕೆಲಸ ಕೋಣೆಯ ಹೊರಗಿದೆ

2023ರ ಜುಲೈನಲ್ಲಿ, ವಿಶಾಖಪಟ್ಟಣದ ಹಾಸ್ಟೆಲ್ಲಿನಲ್ಲಿದ್ದು ನೀಟ್‌ಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಪೊಲೀಸ್ ತನಿಖೆ ಸರಿಯಾಗಿಲ್ಲ ಎಂದು ಆಕೆಯ ತಂದೆ ಸಲ್ಲಿಸಿದ ಅರ್ಜಿ ಆಂಧ್ರದ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತಲುಪಿತು. 2025ರ ಜುಲೈ 25ರಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿತು. ಜೊತೆಗೆ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ಹೊರಡಿಸಿತು. ನೂರು ಅಥವಾ ಹೆಚ್ಚು ಮಕ್ಕಳಿರುವ ಸಂಸ್ಥೆಯಲ್ಲಿ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಾದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು ಎಂಬುದು ಅವುಗಳಲ್ಲೊಂದು. ಆಮೇಲೆ ನಡೆದ ಚರ್ಚೆಯೆಲ್ಲ ಕೋಚಿಂಗ್ ಕೇಂದ್ರಗಳ ಸುತ್ತಲೇ ತಿರುಗಿತು. ಆದರೆ ಕೋರ್ಟಿನ ಈ ಮಾತು ವಿಜಯವಾಡದ ಪಕ್ಕದ ಕೊಂಡಪಲ್ಲಿಯ ಶಾಲೆಗೂ ಗಡಿಯ ಈಚೆ ನಮ್ಮ ಸಿಂಧನೂರಿನ ಶಾಲೆಗೂ ಅಷ್ಟೇ ಅನ್ವಯಿಸುತ್ತದೆ. ಸಿಬ್ಬಂದಿ ಸೂಕ್ಷ್ಮವಾಗಿ ನಡೆದುಕೊಳ್ಳಬೇಕಾದ ಮಕ್ಕಳ ಪಟ್ಟಿಯಲ್ಲಿ ಅಂಗವಿಕಲ ಮಕ್ಕಳನ್ನೂ ಕೋರ್ಟ್ ಹೆಸರಿಸಿದೆ. ಹಾಗಾದರೆ ಶಾಲೆಗೆ ಬರುವ ಕೌನ್ಸೆಲರ್ ವಿಶೇಷ ಅಗತ್ಯವುಳ್ಳ ಮಗುವಿಗಾಗಿ ಏನು ಮಾಡಬೇಕು?

ಕೌನ್ಸೆಲರ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಆಫೀಸಿನ ಪಕ್ಕದ ಒಂದು ಕೋಣೆ, ಎರಡು ಕುರ್ಚಿ, ತಲೆ ತಗ್ಗಿಸಿ ಕೂತ ಒಂದು ಮಗು. ತೊಂದರೆ ಇರುವುದು ಮಗುವಿನೊಳಗೆ, ಬುದ್ಧಿ ಹೇಳಿ ಧೈರ್ಯ ತುಂಬಿದರೆ ಸರಿಹೋಗುತ್ತದೆ ಎಂಬ ಎಣಿಕೆ ಈ ಚಿತ್ರದ ಹಿಂದಿದೆ. ವಿಶೇಷ ಅಗತ್ಯವುಳ್ಳ ಮಕ್ಕಳ ವಿಷಯದಲ್ಲಿ ಈ ಎಣಿಕೆ ಬಹಳ ಸಲ ತಲೆಕೆಳಗಾಗುತ್ತದೆ. ಓದುವ ತೊಡಕಿರುವ ಐದನೇ ತರಗತಿಯ ಹುಡುಗನನ್ನು ತೆಗೆದುಕೊಳ್ಳಿ. ಗದ್ಯಪಾಠವನ್ನು ಸರದಿಯಂತೆ ಒಬ್ಬೊಬ್ಬರೂ ಎದ್ದು ನಿಂತು ಗಟ್ಟಿಯಾಗಿ ಓದಬೇಕು. ತನ್ನ ಸರದಿಗೆ ಎಷ್ಟು ಜನ ಬಾಕಿ ಎಂದು ಅವನು ಬೆಂಚು ಎಣಿಸುತ್ತಾನೆ. ತನಗೆ ಬರುವ ಪ್ಯಾರಾ ಯಾವುದೆಂದು ಲೆಕ್ಕ ಹಾಕಿ ಬಾಯಿಪಾಠ ಮಾಡಲು ನೋಡುತ್ತಾನೆ. ಆಗದಿದ್ದರೆ ಹೊಟ್ಟೆನೋವೆಂದು ಹೊರಗೆ ಹೋಗುತ್ತಾನೆ. ಈ ಹೊಟ್ಟೆನೋವಿಗೆ ಕೋಣೆಯ ಸಮಾಲೋಚನೆ ಮದ್ದಲ್ಲ. ಅವನನ್ನು ಎಲ್ಲರೆದುರು ಓದಿಸುವುದು ಬೇಡ, ನಾಳೆಯ ಪ್ಯಾರಾವನ್ನು ಇಂದೇ ತಿಳಿಸಿ ಎಂದು ಕನ್ನಡ ಮಿಸ್ಸನ್ನು ಒಪ್ಪಿಸುವುದು ಮದ್ದು. ಮಗುವನ್ನು ಶಾಲೆಗೆ ಒಗ್ಗಿಸುವುದಕ್ಕಿಂತ ಮೊದಲು ಶಾಲೆಯನ್ನು ಮಗುವಿಗೆ ಒಗ್ಗಿಸುವುದೇ ಕೌನ್ಸೆಲರ್ ಕೆಲಸ ಎಂಬುದು ಈ ಲೇಖನದ ವಾದ.

ಅದಕ್ಕೆ ವಿಶೇಷ ಶಿಕ್ಷಕರಿದ್ದಾರಲ್ಲ ಎಂಬುದು ಮೊದಲ ಆಕ್ಷೇಪ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೊಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿತ್ತು. ಆಂಧ್ರ ಸರ್ಕಾರ 2025ರಲ್ಲಿ 2,260 ಇಂಥ ಹುದ್ದೆಗಳನ್ನು ಸೃಷ್ಟಿಸಿತು. ಇವು ಬೇಕೇ ಬೇಕು. ಆದರೆ ವಿಶೇಷ ಶಿಕ್ಷಕರ ಹೊಣೆ ಕಲಿಕೆ: ಬ್ರೈಲ್, ಸನ್ನೆ ಭಾಷೆ, ಪಾಠವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದು. ಲೆಕ್ಕ ಕೂಡಲು ಕಲಿತ ಮಗುವನ್ನು ಆಟಕ್ಕೆ ಯಾರೂ ಸೇರಿಸಿಕೊಳ್ಳದಿದ್ದರೆ, ಅಡ್ಡಹೆಸರಿನಿಂದ ಕರೆದರೆ, ವಾರ್ಷಿಕೋತ್ಸವದ ದಿನ ಮನೆಯಲ್ಲೇ ಇರಲಿ ಎಂದು ಹೇಳಿ ಕಳಿಸಿದರೆ ಅದನ್ನು ನೋಡಿಕೊಳ್ಳುವವರು ಯಾರು? 1995ರ ಕಾಯ್ದೆಯಲ್ಲಿ ಏಳಿದ್ದ ಅಂಗವೈಕಲ್ಯಗಳ ಪಟ್ಟಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21ಕ್ಕೆ ಏರಿತು. ಕಲಿಕಾ ನ್ಯೂನತೆ, ಆಟಿಸಂ ಹೊಸದಾಗಿ ಸೇರಿದವು. ಇವು ನೋಡಿದೊಡನೆ ಗೊತ್ತಾಗುವಂಥವಲ್ಲ. ಕುರುಡು ಮಗುವಿಗೆ ಸಿಗುವ ಕನಿಕರವೂ ಈ ಮಕ್ಕಳಿಗೆ ಸಿಗುವುದಿಲ್ಲ; ಸೋಮಾರಿ, ಹಟಮಾರಿ ಎಂಬ ಬಿರುದು ಸಿಗುತ್ತದೆ. ಶಿಕ್ಷಕರ ಕೊಠಡಿಯಲ್ಲಿ ಆ ಬಿರುದನ್ನು ಅಳಿಸುವುದು ಪಾಠ ಹೇಳುವುದಕ್ಕಿಂತ ಬೇರೆಯದೇ ಆದ ಕಸುಬು.

ಮನೆಯ ಕಡೆಯ ಕೆಲಸವೂ ಹೀಗೆಯೇ. ಮಗುವಿಗೆ ತೊಂದರೆ ಇದೆಯೆಂದು ಒಪ್ಪಿಕೊಳ್ಳಲು ತಂದೆತಾಯಿಗೆ ವರ್ಷಗಳೇ ಹಿಡಿಯಬಹುದು. ಯುಡಿಐಡಿ ಎಂಬ ಅಂಗವೈಕಲ್ಯದ ಗುರುತಿನ ಕಾರ್ಡ್ ಮಾಡಿಸಿದರೆ ಮುಂದೆ ಮದುವೆಗೆ ಅಡ್ಡಿಯಾದೀತೆಂಬ ಅಳುಕು ಒಬ್ಬರಿಗೆ, ದೊಡ್ಡವನಾದ ಮೇಲೆ ತಾನಾಗಿ ಸರಿಹೋಗುತ್ತದೆಂಬ ನಂಬಿಕೆ ಇನ್ನೊಬ್ಬರಿಗೆ. ದೂಷಣೆಯೆಲ್ಲ ತಾಯಿಯ ತಲೆಗೆ. ಆ ಕಾರ್ಡ್ ಇಲ್ಲದಿದ್ದರೆ ಹಲವು ಸೌಲಭ್ಯಗಳ ಬಾಗಿಲು ತೆರೆಯುವುದಿಲ್ಲ. ಪರೀಕ್ಷೆಯನ್ನೇ ನೋಡಿ. ಅಂಗವಿಕಲ ಅಭ್ಯರ್ಥಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಬೇಕಿದ್ದರೆ ಲಿಪಿಕಾರ ಎಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಎಸ್‌ಎಸ್‌ಎಲ್‌ಸಿಯಲ್ಲೂ ಇಂಥ ರಿಯಾಯಿತಿಗಳಿವೆ. ಕಾಗದದ ಮೇಲೆ ಇದು ಸಲೀಸು. ಆದರೆ ಗುರುತೇ ಇಲ್ಲದ ಲಿಪಿಕಾರನಿಗೆ ಉತ್ತರ ಹೇಳಿ ಬರೆಸುವುದು ಬೇರೆಯದೇ ವಿದ್ಯೆ. ಎಲ್ಲಿ ನಿಲ್ಲಿಸಬೇಕು, ಹೇಳಿದ್ದನ್ನು ತಿದ್ದಿಸುವುದು ಹೇಗೆ, ಚಿತ್ರ ಬಿಡಿಸಲು ಹೇಗೆ ಹೇಳಬೇಕು ಎಂಬುದೆಲ್ಲ ಅರ್ಧವಾರ್ಷಿಕ ಪರೀಕ್ಷೆಯಲ್ಲೇ ರೂಢಿಯಾಗಿರಬೇಕು. ಅರ್ಜಿಯ ಗಡುವು ತಪ್ಪದಂತೆ ನೋಡುವುದು, ಹೆಡ್‌ಮಾಸ್ಟರ ಸಹಿ ಹಾಕಿಸುವುದು, ಇವನಿಗೇಕೆ ಹೆಚ್ಚು ಸಮಯ ಎಂದು ಗೊಣಗುವ ಸಹಪಾಠಿಗಳಿಗೆ ಸಮಾಧಾನ ಹೇಳುವುದು, ಇವೆಲ್ಲ ಕೌನ್ಸೆಲರ್ ಕೆಲಸದೊಳಗೇ ಬರಬೇಕು.

ಮಾತೇ ಆಡದ, ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಗುವಿಗೆ ಎಂಥ ಕೌನ್ಸೆಲಿಂಗ್ ಎಂದು ಕೇಳುವವರಿದ್ದಾರೆ. ಮಾತು ಬಾರದ ಮಗುವಿಗೆ ಹೇಳುವುದೇನೂ ಇರುವುದಿಲ್ಲ ಎಂಬ ಈ ಗ್ರಹಿಕೆ ಅಪಾಯಕಾರಿ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಅಂಗವಿಕಲ ಮಕ್ಕಳು ಹಿಂಸೆಗೆ ಗುರಿಯಾಗುವ ಸಂಭವ ಉಳಿದ ಮಕ್ಕಳಿಗಿಂತ 3.7 ಪಟ್ಟು ಹೆಚ್ಚು. ಮಗುವಿಗೆ ಹೇಳಿಕೊಳ್ಳಲಾಗದು ಎಂಬ ಧೈರ್ಯವೇ ಹಿಂಸಿಸುವವನ ಬಲ. 2012ರ ಪೋಕ್ಸೊ ಕಾಯ್ದೆ ಇದನ್ನು ಬಲ್ಲದು: ಅಂಗವಿಕಲ ಮಗುವಿನ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ಅಥವಾ ಆ ಮಗುವಿನ ಸಂವಹನದ ರೀತಿ ತಿಳಿದವರ ನೆರವು ಪಡೆಯಲು ಅದರ 26ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಹಾಗೆ ತಿಳಿದವರು ಶಾಲೆಯಲ್ಲಿ ಮೊದಲೇ ಇರಬೇಕಲ್ಲವೇ? ಚಿತ್ರಗಳನ್ನು ಮುಟ್ಟಿ ತೋರಿಸುವುದನ್ನು, ಬೇಡ ಎನ್ನುವ ಸನ್ನೆಯನ್ನು, ಯಾರು ಎಲ್ಲಿ ಮುಟ್ಟಬಾರದೆಂಬುದನ್ನು ನಿತ್ಯದ ರೂಢಿಯಾಗಿ ಕಲಿಸುವುದು ಮಾತಿಲ್ಲದ ಸಮಾಲೋಚನೆಯೇ.

ಇನ್ನು ದುಡ್ಡಿನ ಪ್ರಶ್ನೆ. ಮಕ್ಕಳ ಸಂಖ್ಯೆ ನೂರು ದಾಟದ ಸರ್ಕಾರಿ ಶಾಲೆಗಳು ಎರಡೂ ರಾಜ್ಯಗಳಲ್ಲಿ ಬೇಕಾದಷ್ಟಿವೆ. ಶಾಲೆಗೊಬ್ಬ ಕೌನ್ಸೆಲರ್ ಎಂಬುದು ಆಗದ ಮಾತು. ಈ ಆಕ್ಷೇಪದಲ್ಲಿ ಹುರುಳಿದೆ. ಅಂಥ ಸಂಸ್ಥೆಗಳು ಹೊರಗಿನ ತಜ್ಞರೊಡನೆ ವಿಧಿವತ್ತಾದ ಸಂಪರ್ಕ ಇಟ್ಟುಕೊಂಡರೆ ಸಾಕೆಂದು ಕೋರ್ಟೇ ಹೇಳಿದೆ. ಅದಕ್ಕೆ ಬೇಕಾದ ಚೌಕಟ್ಟೂ ಇದೆ. ಆಂಧ್ರದಲ್ಲಿ ಸಮಗ್ರ ಶಿಕ್ಷಾ ಅಡಿ ಮಂಡಲ ಮಟ್ಟದಲ್ಲಿ ನಡೆಯುವ ಭವಿತ ಕೇಂದ್ರಗಳಲ್ಲಿ ವಿಶೇಷ ಶಿಕ್ಷಕರೂ ಫಿಸಿಯೊಥೆರಪಿಯೂ ಸಿಗುತ್ತವೆ. ಕರ್ನಾಟಕದಲ್ಲಿ ಬಿಐಇಆರ್‌ಟಿ ಎಂಬ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು ಶಾಲೆಯಿಂದ ಶಾಲೆಗೆ ತಿರುಗುತ್ತಾರೆ, ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಗೂ ಹೋಗುತ್ತಾರೆ. ಈ ತಂಡಕ್ಕೆ ಒಬ್ಬ ತರಬೇತಾದ ಕೌನ್ಸೆಲರನ್ನು ಸೇರಿಸಿ, ತಿಂಗಳಿಗಿಷ್ಟು ದಿನ ಇಂತಿಂಥ ಶಾಲೆ ಎಂದು ನಿಗದಿ ಮಾಡಿದರೆ ಹೊಸ ಇಲಾಖೆಯೇನೂ ಬೇಕಾಗದು. ನಮ್ಮಲ್ಲಂತೂ ತರಬೇತಿ ಕೊಡಬಲ್ಲ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ, ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಈ ಹೊಣೆಯನ್ನು ಇರುವ ಶಿಕ್ಷಕರಿಗೇ ಹೊರಿಸಿ ಕೈತೊಳೆದುಕೊಳ್ಳುವುದು ಮಾತ್ರ ಸಲ್ಲದು. ಗಣತಿ, ಚುನಾವಣೆಗಳ ಹೊರೆ ಒಂದು ಕಡೆ. ಬೈಯುವ, ಅಂಕ ಹಾಕುವ ವ್ಯಕ್ತಿಯ ಬಳಿಯೇ ಮಗು ಮನಸ್ಸು ಬಿಚ್ಚಬೇಕೆಂಬ ನಿರೀಕ್ಷೆಯ ಅಸಂಗತತೆ ಇನ್ನೊಂದು ಕಡೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಖಾಸಗಿ ಶಾಲೆಯಲ್ಲಿ ಕೌನ್ಸೆಲರಿಗೆ ಸಂಬಳ ಕೊಡುವುದು ಶಾಲೆಯೇ. ಆಡಳಿತ ಮಂಡಳಿಗೆ ಬೇಡವಾದ ಮಗುವಿನ ಪೋಷಕರನ್ನು ಕರೆಸಿ, ನಿಮ್ಮ ಮಗುವಿಗೆ ಈ ಶಾಲೆ ಸರಿಹೋಗುವುದಿಲ್ಲ ಎಂದು ನಯವಾಗಿ ಹೇಳಿ ಟಿಸಿ ಕೊಡಿಸುವ ಕೆಲಸಕ್ಕೇ ಆ ಹುದ್ದೆ ಬಳಕೆಯಾಗಬಹುದು. 2016ರ ಕಾಯ್ದೆಯ 16ನೇ ಸೆಕ್ಷನ್, ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಸಂಸ್ಥೆಗಳು ತಾರತಮ್ಯವಿಲ್ಲದೆ ಇಂಥ ಮಕ್ಕಳನ್ನು ಸೇರಿಸಿಕೊಂಡು ಅವರಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕೆನ್ನುತ್ತದೆ. ಅದು ನಡೆಯಬೇಕಾದರೆ ಕೌನ್ಸೆಲರಿಗೆ ಕುರ್ಚಿಯೊಂದಿಗೆ ಅಧಿಕಾರವೂ ಬೇಕು. ತರಗತಿಯಲ್ಲಿ, ಪರೀಕ್ಷೆಯಲ್ಲಿ ಆಗಬೇಕಾದ ಬದಲಾವಣೆಯನ್ನು ಅವರು ಲಿಖಿತವಾಗಿ ಸೂಚಿಸಬೇಕು. ಒಪ್ಪದಿದ್ದರೆ ಕಾರಣವನ್ನು ಹೆಡ್‌ಮಾಸ್ಟರು ಬರೆದೇ ಕೊಡಬೇಕು. ವಿಶೇಷ ಅಗತ್ಯವುಳ್ಳ ಮಗು ಟಿಸಿ ಪಡೆದ ಪ್ರತಿ ಪ್ರಕರಣ ಬಿಇಒ ಮುಂದೆ ಬರಬೇಕು. ತಪಾಸಣೆಗೆ ಬರುವ ಅಧಿಕಾರಿ ಎಷ್ಟು ಮಕ್ಕಳಿಗೆ ಕೌನ್ಸೆಲಿಂಗ್ ಆಯಿತು ಎಂಬ ರಿಜಿಸ್ಟರ್ ಕೇಳುವ ಬದಲು, ಕೌನ್ಸೆಲರ್ ಮಾತಿನಿಂದ ಈ ವರ್ಷ ಶಾಲೆ ಏನನ್ನು ಬದಲಿಸಿಕೊಂಡಿತು ಎಂದು ಕೇಳಲಿ. ಉತ್ತರ ಇಲ್ಲದ ಶಾಲೆಯಲ್ಲಿ ಹುದ್ದೆ ಭರ್ತಿಯಾಗಿದೆ, ಕೆಲಸ ಶುರುವಾಗಿಲ್ಲ ಎಂದೇ ಲೆಕ್ಕ.